ಮಲಗುವ ಕೋಣೆಯಲ್ಲಿ ಪ್ರಾರ್ಥನೆಯ ಗೋಡೆ: ಸುಣ್ಣದಿಂದ ಖಣದವರೆಗೆ

ನಮ್ಮದು ಬೆಳಗಾವಿಯ ತಿಲಕವಾಡಿ ಕಡೆಯ ಹಳೇ ಜಂಬಿಟ್ಟಿಗೆ ಕಲ್ಲಿನ ಮನೆ. ಹಿಂದಿನ ಖೋಲಿ 10 ಅಡಿಗೆ 12 ಅಡಿ, ನಾವಿಬ್ಬರೂ ಮಲಗುವುದು ಅಲ್ಲೇ, ರಾತ್ರಿ ಜಪಸರ (ಮಣಿ ಎಣಿಸುತ್ತ ಮಾಡುವ ಮಾತೆ ಮರಿಯಮ್ಮನವರ ಪ್ರಾರ್ಥನೆ) ಮಾಡುವುದೂ ಅಲ್ಲೇ. ಆದರೆ ಶಿಲುಬೆ ಬಾಗಿಲ ಹಿಂದೆ ಇತ್ತು, ಫಾತಿಮಾ ಮಾತೆಯ, ಅಂದರೆ ಮರಿಯಮ್ಮನವರ, ಸ್ವರೂಪ (ಪ್ರತಿಮೆ) ಟ್ರೆಝರಿ ಕಪಾಟಿನ ಮೇಲೆ ಔಷಧಿ ಡಬ್ಬಿಗಳ ಜೊತೆ, ಅಪ್ಪ ಅವ್ವನ ಮದುವೆಗೆ ಬಂದಿದ್ದ ಯೇಸುವಿನ ಪವಿತ್ರ ಹೃದಯದ ಪಟ ಒದ್ದೆ ಗೋಡೆಯ ಮೇಲೆ. ಈ ಸಲ ಮಳೆ ನಿಂತ ಮೇಲೆ, ಆಗಮನ ಕಾಲ (ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲ) ಶುರುವಾಗುವುದರೊಳಗೆ ಇದನ್ನೆಲ್ಲ ಸರಿಮಾಡಬೇಕು ಅಂತ ಹೊರಟೆವು. ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಇಂಥ ಮನೆಯಲ್ಲಿ ಇಂಥ ಕೆಲಸ ಮಾಡುವವರಿಗೆ ಅಳತೆಗಳು ಬೇಕಾಗುತ್ತವೆ.

ಮೊದಲೇ ಒಂದು ಮಾತು. ಅಂಗಡಿಯಲ್ಲಿ ನಿಂತು ಸ್ವರೂಪ, ಪಟ ಆರಿಸುವುದಲ್ಲ, ಮೊದಲು ಹಾಸಿಗೆ ಮೇಲೆ ಮಲಗಿ ನೋಡಬೇಕು, ನೆಲದ ಮೇಲೆ ಮೊಣಕಾಲೂರಿ ನೋಡಬೇಕು. ನಾವು ನಿಂತುಕೊಂಡು ಅಳತೆ ತೆಗೆಯುತ್ತೇವೆ, ಆದರೆ ಈ ಕೋಣೆಯಲ್ಲಿ ಯಾರೂ ನಿಂತು ಪ್ರಾರ್ಥನೆ ಮಾಡುವುದಿಲ್ಲ.

1. ಅಳತೆ

ಟೇಪು, ಪೆನ್ಸಿಲ್ಲು, ಹಳೇ ಕ್ಯಾಲೆಂಡರಿನ ಹಾಳೆ. ಇಷ್ಟೇ ಸಾಮಾನು. ನಮ್ಮ ಮಂಚ ಗಾದಿ ಸೇರಿ 18 ಇಂಚು ಎತ್ತರ. ತಲೆದಿಂಬಿನ ಮೇಲೆ ಮಲಗಿದಾಗ ಕಣ್ಣು ನೆಲದಿಂದ ಸುಮಾರು 24 ಇಂಚಿಗೆ ಬರುತ್ತದೆ. ಮೊಣಕಾಲೂರಿದಾಗ ನನ್ನ ಕಣ್ಣು 46 ಇಂಚು, ಹೆಂಡತಿಯದು 43. ಹಾಳೆಯನ್ನು ಶಿಲುಬೆ, ಪಟ, ಸ್ವರೂಪದ ಗಾತ್ರಕ್ಕೆ ಕತ್ತರಿಸಿ ಅಂಟು ಟೇಪಿನಿಂದ ಗೋಡೆಗೆ ಅಂಟಿಸಿದೆವು, ರಾತ್ರಿ ಮಲಗಿ ನೋಡಿದೆವು, ಬೆಳಿಗ್ಗೆ ಜಾಗ ಬದಲಿಸಿದೆವು.

ಶಿಲುಬೆಯ ಜಾಗಕ್ಕೇ ಜಾಸ್ತಿ ಚರ್ಚೆ ಆಯಿತು. ಎಲ್ಲರೂ ತಲೆದಿಂಬಿನ ಮೇಲಿನ ಗೋಡೆಗೆ ಹಾಕುತ್ತಾರೆ, ಆದರೆ ಅಲ್ಲಿ ಹಾಕಿದರೆ ಮಲಗಿದವರಿಗೆ ಕಾಣುವುದೇ ಇಲ್ಲ. ಎದುರು ಗೋಡೆಗೆ ಹಾಳೆ ಹಚ್ಚಿದೆವು. ಚೆನ್ನಾಗಿ ಕಾಣುತ್ತಿತ್ತು, ಕಣ್ಣು ಬಿಟ್ಟರೆ ಅದೇ. ನಮ್ಮ ಅತ್ತೆಯವರು ಬಂದು ನೋಡಿ, "ದೇವರ ಕಡೆ ಕಾಲು ಚಾಚಿ ಮಲಗ್ತೀರೇನು?" ಅಂದರು. ಫಾದರ್ ಹತ್ತಿರ ಕೇಳಿದೆ. ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಅಂಥ ನಿಯಮ ಏನೂ ಇಲ್ಲ, ನಿಮಗೆ ಎಲ್ಲಿ ಪ್ರಾರ್ಥನೆ ಬರುತ್ತದೋ ಅಲ್ಲಿ ಹಾಕಿ ಅಂದರು. ನಿಯಮ ಇಲ್ಲ ನಿಜ, ಆದರೆ ಹುಟ್ಟಿನಿಂದ ಕಲಿತ ಮರ್ಯಾದೆ ಇದೆ ಅಲ್ವಾ, ಅತ್ತೆ ಹೇಳಿದ ಮೇಲೆ ನನಗೂ ಕಾಲು ಮಡಚಿಯೇ ಮಲಗಬೇಕು ಅನ್ನಿಸಿತು. ಕೊನೆಗೆ ಪಕ್ಕದ ಉತ್ತರ ಗೋಡೆ ಗಟ್ಟಿ ಆಯಿತು. ಬಲಕ್ಕೆ ಹೊರಳಿದರೆ ಶಿಲುಬೆ ಕಾಣುತ್ತದೆ, ಕಾಲು ಅದರ ಕಡೆ ಇಲ್ಲ, ಗೋಡೆ ಮತ್ತು ಮಂಚದ ನಡುವೆ ಮೊಣಕಾಲೂರಲು 3 ಅಡಿ ಜಾಗ ಸಿಕ್ಕಿತು. ಇದಕ್ಕಾಗಿ ಮಂಚವನ್ನು ದಕ್ಷಿಣದ ಕಡೆ ಒಂದು ಅಡಿ ಸರಿಸಿದೆವು.

2. ಗೋಡೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿದ್ದು ಇದು. ಬೆಳಗಾವಿಯ ಮಳೆ ಗೊತ್ತಲ್ಲ, ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಪಶ್ಚಿಮದ ಗೋಡೆ ಗಾಳಿಮಳೆಗೆ ನೇರ ಸಿಗುತ್ತದೆ, ಅದರ ಒದ್ದೆ ಮೂಲೆ ಸುತ್ತಿ ಉತ್ತರ ಗೋಡೆಗೂ ಬಂದಿತ್ತು. ಜಂಬಿಟ್ಟಿಗೆ ಕಲ್ಲಿನ ತುಂಬ ಸಣ್ಣ ತೂತು, ನೀರು ಕುಡಿಯುತ್ತದೆ. ಕುಡಿದ ನೀರು ಹೊರಗೆ ಹೋಗಲು ದಾರಿ ಬೇಕು. ಹಿಂದೆ ಯಾರೋ ಸಿಮೆಂಟು ಗಿಲಾವ್ (ಪ್ಲಾಸ್ಟರ್) ಮಾಡಿ, ಮೇಲೆ ಪುಟ್ಟಿ ಹಚ್ಚಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದಿದ್ದರು. ನೀರು ಒಳಗೇ ಉಳಿದು, ಪೇಂಟು ಗುಳ್ಳೆ ಎದ್ದು, ಬಿಳಿ ಉಪ್ಪು ಕಾರುತ್ತಿತ್ತು.

ಮೊದಲು ಅಗ್ಗದ ದಾರಿ ನೋಡಿದೆವು. ಗುಳ್ಳೆ ಎದ್ದ ಕಡೆ ಮಾತ್ರ ಕೆರೆದು, ವಾಟರ್‌ಪ್ರೂಫ್ ಅಂತ ಮಾರುವ ಪುಟ್ಟಿ ಹಚ್ಚಿ ಬಿಟ್ಟೆವು. ಆ ಜಾಗ ಗಟ್ಟಿಯಾಗಿಯೇ ನಿಂತಿತು, ಆದರೆ ಅದರ ಸುತ್ತ ಬಳೆಯ ಹಾಗೆ ಹೊಸ ಗುಳ್ಳೆ ಎದ್ದವು. ಒಂದು ಕಡೆ ಮುಚ್ಚಿದರೆ ನೀರು ಪಕ್ಕದಿಂದ ಬರುತ್ತದೆ, ಅಷ್ಟೇ.

ಆಮೇಲೆ ಸರಿಯಾಗಿ ಮಾಡಿದ್ದು ಹೀಗೆ. ಹೊರಗೆ ಹೆಂಚಿನ ಕೆಳಗೆ ಮಳೆನೀರು ಹರಿಯುವ ಪತ್ರಾದ ದೋಣಿ ಜೋಡಣೆಯಲ್ಲಿ ಸೋರುತ್ತಿತ್ತು, ಅದನ್ನು ಮೊದಲು ಬದಲಿಸಿದೆವು, 1,100 ರೂಪಾಯಿ. ಇದನ್ನು ಬಿಟ್ಟು ಒಳಗೆ ಏನು ಮಾಡಿದರೂ ಸುಮ್ನೆ. ಗೌಂಡಿ ಮತ್ತು ಅವರ ಜೊತೆಯ ಹುಡುಗ ಬಂದು ಉತ್ತರ ಗೋಡೆಯ ಸಿಮೆಂಟು ಗಿಲಾವನ್ನು ಕಲ್ಲು ಕಾಣುವವರೆಗೆ ಕೆತ್ತಿದರು. ಕಲ್ಲಿನ ಮೇಲಿನ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಹೋಗುತ್ತದೆ. ಪುಡಿಯನ್ನು ಗುಡಿಸಿ ಹೊರಗೆ ಚೆಲ್ಲಿದೆವು. ಫ್ಯಾನು ಹಾಕಿ, ಕಿಟಕಿ ತೆಗೆದು ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಿಲಾವ್. ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳು, ಅರ್ಧ ಇಂಚು ದಪ್ಪ. ಬೇಗ ಒಣಗಿದರೆ ಬಿರಿಯುತ್ತದೆ, ಅದಕ್ಕೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದೆವು. ಕೂಲಿ 1,800, ಸಾಮಾನು 950.

ಬಣ್ಣವೂ ಸುಣ್ಣವೇ. ಉತ್ತರ ಗೋಡೆಗೆ ತಿಳಿ ನೀಲಿ ಬೇಕಿತ್ತು, ನೀಲಿ ಮಾತೆ ಮರಿಯಮ್ಮನವರ ಬಣ್ಣ. ಸುಣ್ಣದ ನೀರಿಗೆ ನೀಲಿ ಪುಡಿ, ಕೈಗೆ ಹತ್ತದ ಹಾಗೆ ಸ್ವಲ್ಪ ಗೋಂದು. ಒದ್ದೆ ಇದ್ದಾಗ ಕಾಣುವ ಬಣ್ಣವನ್ನು ನಂಬಬೇಡಿ. ಬಕೆಟ್ಟಿನಲ್ಲಿ ಗಾಢ ನೀಲಿ ಕಂಡಿದ್ದು ಗೋಡೆಯ ಮೇಲೆ ಒಣಗಿದ ಮೇಲೆ ಬಿಳಿಯೇ ಆಯಿತು. ಒಂದು ಹೆಂಚಿನ ಚೂರಿನ ಮೇಲೆ ಹಚ್ಚಿ, ಬಿಸಿಲಿಗಿಟ್ಟು ಒಣಗಿಸಿ ನೋಡಿಯೇ ಪುಡಿ ಕೂಡಿಸಬೇಕು. ತೆಳ್ಳಗೆ ಮೂರು ಕೈ ಹೊಡೆದ ಮೇಲೆ ಬೇಕಾದ ಬಣ್ಣ ಬಂತು. ಪೇಂಟಿನ ಹಾಗೆ ಒಂದೇ ಸಮ ಬರುವುದಿಲ್ಲ, ಮೋಡದ ಹಾಗೆ ಅಲ್ಲಲ್ಲಿ ಹೆಚ್ಚು ಕಡಿಮೆ. ನಮಗೆ ಅದೇ ಇಷ್ಟವಾಯಿತು.

3. ಗೂಟ

ಜಂಬಿಟ್ಟಿಗೆ ಕಲ್ಲಿಗೆ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. 6 ಮಿಲಿಮೀಟರ್ ಬಿಟ್ ಹಾಕಿದರೆ ತೂತು 9 ಆಗುತ್ತದೆ, ಪ್ಲಗ್ ಸ್ಕ್ರೂ ಜೊತೆ ಸುತ್ತುತ್ತದೆ, ಕೆಂಪು ಪುಡಿ ಉದುರುತ್ತಲೇ ಇರುತ್ತದೆ. ಉದ್ದನೆಯ ಪ್ಲಗ್ ಹಾಕಿದರೂ ಎರಡು ಕಿಲೋ ತೂಕಕ್ಕೆ ಕಿತ್ತು ಬಂತು.

ಹಳೇ ಪದ್ಧತಿಯೇ ಸರಿ. ಮುಕ್ಕಾಲು ಇಂಚಿನ ತೂತು, 3 ಇಂಚು ಆಳ, ಸ್ವಲ್ಪ ಕೆಳಗೆ ಬಾಗಿದ ಹಾಗೆ. ಒಳಗಿನ ಪುಡಿ ಊದಿ ತೆಗೆದು, ನೀರು ಚಿಮುಕಿಸಿ, ಸಿಮೆಂಟು ತುಂಬಿ, ಒಳ ತುದಿ ದಪ್ಪ ಇರುವ ಸಾಗವಾನಿ ಗೂಟ ಬಡಿದು ಬಿಟ್ಟೆವು. ಸಿಮೆಂಟು ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟಬಾರದು. ಆಮೇಲೆ ಗೂಟಕ್ಕೆ ಸ್ಕ್ರೂ. ಬಡಿಗರ ಹತ್ತಿರದ ಚೂರು ಕಟ್ಟಿಗೆ, ಒಂದಿಷ್ಟು ಸಿಮೆಂಟು ಸೇರಿ 60 ರೂಪಾಯಿ.

4. ಶಿಲುಬೆ

ಮದುವೆಯಲ್ಲಿ ಮಾವನವರು ಹಳೇ ಗೋವಾದಿಂದ ತಂದುಕೊಟ್ಟಿದ್ದು, ಬಾಮ್ ಜೀಸಸ್ ದೇವಾಲಯದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದರ್ಶನಕ್ಕೆ ಹೋದಾಗ. 14 ಇಂಚು ಎತ್ತರ, ಕಟ್ಟಿಗೆಯ ಶಿಲುಬೆ, ಹಿತ್ತಾಳೆಯ ಕ್ರಿಸ್ತ. ಕಟ್ಟಿಗೆಗೆ ನುಣುಪು ಪಾಲಿಶ್ ಪೇಪರ್ ಹಾಕಿ ಎಣ್ಣೆ ಹಚ್ಚಿದೆ, 90 ರೂಪಾಯಿ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಮೃದುವಾಗಿ ಉಜ್ಜಿ, ತಕ್ಷಣ ತೊಳೆದು ಒರೆಸಿದೆ. ಮುಖವನ್ನು ಮಾತ್ರ ಉಜ್ಜಲಿಲ್ಲ, ಮುಖದ ಗೆರೆಗಳು ಈಗಾಗಲೇ ಸವೆದಿವೆ, ಆ ಕಪ್ಪಿನಿಂದಲೇ ಕಣ್ಣು ಬಾಯಿ ಕಾಣುವುದು. ಮೇಲಿನ ಐಎನ್‌ಆರ್‌ಐ ಫಲಕ ಸಡಿಲವಾಗಿತ್ತು, ಸಣ್ಣ ಹಿತ್ತಾಳೆ ಮೊಳೆ ಹೊಡೆದೆ. ನಜರೇತಿನ ಯೇಸು, ಯೆಹೂದ್ಯರ ಅರಸ ಅನ್ನುವ ಲ್ಯಾಟಿನ್ ಮಾತಿನ ಮೊದಲ ಅಕ್ಷರಗಳು ಅವು, ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪಿಲಾತ ಬರೆಸಿದ್ದು. ಅದು ಬಿದ್ದು ಕಳೆದರೆ ಮನಸ್ಸಿಗೆ ಆಗುವುದಿಲ್ಲ.

ಶಿಲುಬೆಯ ನಡುಭಾಗ ನೆಲದಿಂದ 64 ಇಂಚಿಗೆ ಬಂತು. ಅದರ ಹಿಂದೆ ಗರಿಗಳ ಭಾನುವಾರದ (ಈಸ್ಟರಿಗೆ ಒಂದು ವಾರ ಮೊದಲಿನ ಭಾನುವಾರ) ಗರಿ ಸಿಕ್ಕಿಸುತ್ತೇವೆ. ಗರಿ ಗೋಡೆಗೆ ತಾಗಿದರೆ ಸುಣ್ಣದ ಮೇಲೆ ಹಳದಿ ಕಲೆ ಬೀಳುತ್ತದೆ, ಆದ್ದರಿಂದ ಶಿಲುಬೆಯ ಹಿಂದೆ ಮೇಲೊಂದು ಕೆಳಗೊಂದು ಅರ್ಧ ಇಂಚಿನ ಬಿರಡೆ ಚೂರು ಅಂಟಿಸಿದೆ. ಗಾಳಿಯೂ ಆಡುತ್ತದೆ. ಹಳೇ ಗರಿಯನ್ನು ಕಸಕ್ಕೆ ಹಾಕುವುದಿಲ್ಲ, ಅದು ಮಂತ್ರಿಸಿದ ಗರಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮೊದಲು ಚರ್ಚಿಗೆ ಕೊಟ್ಟರೆ ಸುಟ್ಟು ಅದೇ ಬೂದಿಯನ್ನು ಹಣೆಗೆ ಹಚ್ಚುತ್ತಾರೆ.

5. ಪವಿತ್ರ ಹೃದಯದ ಪಟ

ಹಿಂದಿನ ರಟ್ಟು ತೆಗೆದಾಗ ಒಳಗೆ ಹಳೇ ಪೇಪರು, ಅದರ ತುಂಬ ಬೂಷ್ಟು. ಚಿತ್ರದ ಅಂಚಿಗೆ ಕಂದು ಚುಕ್ಕೆ ಬಂದಿವೆ. ಕೆಳಗಿನ ಎಡ ಮೂಲೆ ಗಾಜಿಗೆ ಅಂಟಿಕೊಂಡಿತ್ತು. ಪಟ ಕಟ್ಟುವವರು ಹಬೆ ಕೊಟ್ಟು ಬಿಡಿಸೋಣ ಅಂದರು. ಮೂಲೆಯ ಅಂಚಿಗೆ ಸ್ವಲ್ಪವೇ ಹಬೆ ಕೊಟ್ಟು ನೋಡಿದಾಗ ಕೆಂಪು ಬಣ್ಣ ಗಾಜಿಗೆ ಬರಲು ಶುರುವಾಯಿತು, ಅಲ್ಲಿಗೇ ನಿಲ್ಲಿಸಿದೆವು. ಅಂಟಿದ ಮೂಲೆಯಷ್ಟು ಗಾಜನ್ನು ಅವರು ನಾಜೂಕಾಗಿ ಕತ್ತರಿಸಿ ಚಿತ್ರದ ಜೊತೆಗೇ ಉಳಿಸಿದರು, ಆ ಮೂಲೆ ಈಗ ಮೌಂಟ್ ಬೋರ್ಡಿನ ಕೆಳಗೆ ಹೋಗಿದೆ. ಹೊಸ ಗಾಜು, ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡು, ಹಿಂದೆ ಹೊಸ ಹಲಗೆ, ಒಟ್ಟು 650.

ಜಾಗ, ತಲೆಯ ಕಡೆಯ ಪೂರ್ವ ಗೋಡೆ. ಅದು ಮನೆಯ ಒಳಗೋಡೆ, ಒಣಗಿರುತ್ತದೆ. ಮಲಗಿದವರಿಗೆ ಕಾಣುವುದಿಲ್ಲ ನಿಜ, ಆದರೆ ಖೋಲಿಯೊಳಗೆ ಬರುವವರಿಗೆ ಮೊದಲು ಕಾಣುವುದು ಅದೇ. ಅಪ್ಪ ಅವ್ವನ ಮನೆಯಲ್ಲೂ ಹಾಗೇ ಇತ್ತು.

6. ಫಾತಿಮಾ ಮಾತೆಯ ಸ್ವರೂಪ

12 ಇಂಚಿನ ಪ್ಲಾಸ್ಟರ್ ಸ್ವರೂಪ, ಜೋಡಿಸಿದ ಕೈಗಳ ಬೆರಳ ತುದಿ ಮುರಿದಿತ್ತು. ಬೆಳಗಾವಿಯ ಕ್ಯಾಂಪ್ ಕಡೆಯ ನಮ್ಮ ಮಹಾದೇವಾಲಯ (ಬಿಷಪ್ಪರ ಚರ್ಚು) ಫಾತಿಮಾ ಮಾತೆಯ ಹೆಸರಿನದ್ದು, ಬೆಳಗಾವಿ ಒಬ್ಬ ಬಿಷಪ್ಪರ ಆಡಳಿತದ ಧರ್ಮಕ್ಷೇತ್ರ ಆದದ್ದು 1953ರಲ್ಲಿ. ಈ ಊರಿನ ಕಥೋಲಿಕರ ಮನೆಗಳಲ್ಲಿ ಈ ತಾಯಿ ಇರದ ಮನೆ ಕಡಿಮೆ. 1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ ಪೋರ್ಚುಗಲ್ಲಿನ ಕುರಿ ಕಾಯುವ ಮೂವರು ಮಕ್ಕಳಿಗೆ ಕಾಣಿಸಿಕೊಂಡು, ದಿನಾ ಜಪಸರ ಮಾಡಿ ಅಂತ ಹೇಳಿದ ತಾಯಿ. ಅದಕ್ಕೇ ಜಪಸರ ಮಾಡುವ ಜಾಗದಲ್ಲಿ ಅವರೇ ಇರಬೇಕು ಅನ್ನುವುದು ನಮ್ಮಿಬ್ಬರ ಆಸೆ.

ಬೆರಳಿಗೆ ಮೊದಲು ಪಿಒಪಿ ಹಚ್ಚಿ ನೋಡಿದೆ. ಅಷ್ಟು ಸಣ್ಣ ತುದಿಗೆ ಅದು ಹಿಡಿಯುವುದಿಲ್ಲ, ಉಜ್ಜುವಾಗಲೇ ಉದುರಿತು. ಎರಡು ಕಡ್ಡಿ ಬೆರೆಸಿ ಹಚ್ಚುವ ಎಂ-ಸೀಲ್ ಅಂಟು ಸರಿಹೋಯಿತು. ಎರಡೂ ಕಡ್ಡಿ ಸಮಸಮ ತೆಗೆದು, ಬಣ್ಣ ಒಂದೇ ಆಗುವವರೆಗೆ ನಾದಿ, ಒದ್ದೆ ಬೆರಳಿನಿಂದ ಆಕಾರ ಕೊಟ್ಟೆ, ಬೆರಳುಗಳ ನಡುವಿನ ಗೆರೆಗೆ ಸೂಜಿ. ಮರುದಿನ ಪಾಲಿಶ್ ಪೇಪರ್, ಆಮೇಲೆ ಅಕ್ರಿಲಿಕ್ ಬಣ್ಣ. ಅಚ್ಚ ಬಿಳಿ ಹಚ್ಚಿದರೆ ಹೊಸ ಬೆರಳು ಬೇರೆಯಾಗಿ ಎದ್ದು ಕಾಣುತ್ತದೆ, ಒಂದು ಚುಕ್ಕೆ ಹಳದಿ, ಅದಕ್ಕಿಂತ ಕಡಿಮೆ ಕಂದು ಸೇರಿಸಬೇಕು. ಎರಡೂ ಸೇರಿ 160. ಮುರಿದ ತುದಿಯ ಚೂರನ್ನು ಹಿತ್ತಲಿನಲ್ಲಿ ಯಾರೂ ತುಳಿಯದ ಕಡೆ ಹೂತೆವು. ಮಂತ್ರಿಸಿದ ವಸ್ತು ಮುರಿದರೆ ಸುಡಬೇಕು ಇಲ್ಲವೇ ಹೂಳಬೇಕು.

7. ಹಲಗೆ ಮತ್ತು ಬಟ್ಟೆ

ಸಾಗವಾನಿ ಹಲಗೆ 30 ಇಂಚು ಉದ್ದ, 10 ಇಂಚು ಅಗಲ, 1 ಇಂಚು ದಪ್ಪ, ಕೆಳಗೆ ಎರಡು ಆನಿಕೆ. ಬಡಿಗರ ಕೂಲಿ ಸೇರಿ 2,200. ಅವರು ಎದೆಯ ಎತ್ತರಕ್ಕೆ, 48 ಇಂಚಿಗೆ ಹಾಕೋಣ ಅಂದರು, ಎಲ್ಲ ಮನೆಯಲ್ಲೂ ಹಾಗೇ ಹಾಕುತ್ತಾರಂತೆ. ಆದರೆ ಮೊಣಕಾಲೂರಿ ನೋಡಿದರೆ ಅಷ್ಟೆತ್ತರದಲ್ಲಿ ಕಾಣುವುದು ಹಲಗೆಯ ತಳ. ನಾವು ಹಾಕಿಸಿದ್ದು 34 ಇಂಚಿಗೆ. ಅದರ ಮೇಲೆ 12 ಇಂಚಿನ ಸ್ವರೂಪ ಇಟ್ಟರೆ ಮಾತೆಯ ಮುಖ ಸರಿಯಾಗಿ ಮೊಣಕಾಲೂರಿದವರ ಕಣ್ಣಿನ ನೇರಕ್ಕೆ ಬರುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಅಳತೆ ಇದು.

ಹಲಗೆಯ ಮೇಲಿನ ಬಟ್ಟೆ ಚರ್ಚಿನ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ಅನ್ನುವುದು ಹೆಂಡತಿಯ ಯೋಚನೆ. ಆಗಮನ ಕಾಲ ಮತ್ತು ತಪಸ್ಸು ಕಾಲಕ್ಕೆ ನೇರಳೆ, ಕ್ರಿಸ್ಮಸ್ ಮತ್ತು ಈಸ್ಟರಿಗೆ ಬಿಳಿ, ಗರಿಗಳ ಭಾನುವಾರ, ಶುಭ ಶುಕ್ರವಾರ, ಪವಿತ್ರಾತ್ಮರ ಹಬ್ಬ, ರಕ್ತಸಾಕ್ಷಿಗಳ ದಿನಕ್ಕೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ಬಾಗಲಕೋಟೆಯಲ್ಲಿರುವ ನಾದಿನಿ ಗುಳೇದಗುಡ್ಡದಿಂದ ನೇರಳೆ, ಹಸಿರು, ಕೆಂಪು ಖಣ ತಂದುಕೊಟ್ಟರು, ಒಂದಕ್ಕೆ 350. ಕುಪ್ಪಸಕ್ಕೆ ನೇಯ್ದ ಬಟ್ಟೆ, ಅಗಲ ಕಡಿಮೆ, ನಮ್ಮ ಹಲಗೆಗೆ ಸರಿಹೋಯಿತು. ಬಿಳಿಗೆ ಸಾದಾ ಹತ್ತಿ ಬಟ್ಟೆ, 120. ನಮ್ಮ ಕಡೆಯ ನೇಯ್ಗೆ ನಮ್ಮ ದೇವರ ಮುಂದೆ ಇರುವುದು ನೋಡಲು ಎಷ್ಟು ಚೆಂದ! ಖಣ ಪಾಲಿಶ್ ಹಲಗೆಯ ಮೇಲೆ ಜಾರುತ್ತದೆ, ಕೆಳಗೆ ದಪ್ಪ ಹತ್ತಿ ಅಸ್ತರು ಕೊಟ್ಟು ಹೊಲಿಯಬೇಕು. ಹಸಿರು ವರ್ಷದಲ್ಲಿ ಎಲ್ಲಕ್ಕಿಂತ ಜಾಸ್ತಿ ದಿನ ಇರುತ್ತದೆ, ಬಿಸಿಲಿಗೆ ಬಣ್ಣ ಹೋಗುವುದೂ ಅದರದ್ದೇ, ಹಾಗಾಗಿ ಕಿಟಕಿಯ ಬಿಸಿಲು ಹಲಗೆಗೆ ಬೀಳುತ್ತದೆಯೇ ನೋಡಿಕೊಳ್ಳಿ.

8. ತೀರ್ಥದ ಬಟ್ಟಲು

ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು, ಅಲ್ಲಿಂದ ಸಣ್ಣ ಮಣ್ಣಿನ ಬಟ್ಟಲು ತಂದೆವು, 80 ರೂಪಾಯಿ. ಬಾಗಿಲ ಪಕ್ಕ 50 ಇಂಚಿಗೆ ತಂತಿಯ ಬಳೆಯಲ್ಲಿ ಕೂರಿಸಿ ತೀರ್ಥ ಹಾಕಿದೆವು. ರಾತ್ರಿ ಕಳೆಯುವುದರೊಳಗೆ ಬಟ್ಟಲು ಬೆವರಿ, ಕೆಳಗೆ ಗೋಡೆಯ ಮೇಲೆ ಒದ್ದೆ ಗೆರೆ ಇಳಿದಿತ್ತು. ಸುಟ್ಟ ಮಣ್ಣು, ಮೆರುಗು ಇಲ್ಲ, ಕುಡಿಯುವ ನೀರಿನ ಮಡಕೆ ತಣ್ಣಗಿರುವುದೂ ಇದೇ ಕಾರಣಕ್ಕೆ. ಒಳಗೆ ಎಣ್ಣೆ ಹಚ್ಚಿ ನೋಡಿದೆವು, ತೀರ್ಥದ ಮೇಲೆ ಎಣ್ಣೆ ತೇಲಿತು. ಕೊನೆಗೆ ಮಣ್ಣಿನ ಬಟ್ಟಲೊಳಗೆ ಕೂರುವ ಚಿಕ್ಕ ಗಾಜಿನ ಬಟ್ಟಲು, 60 ರೂಪಾಯಿ. ಈಗ ಸೋರುವುದಿಲ್ಲ, ತೊಳೆಯುವುದೂ ಸುಲಭ.

9. ದೀಪ

ಸೊಳ್ಳೆ ಪರದೆ ಇರುವ ಖೋಲಿಯಲ್ಲಿ ಮೇಣದಬತ್ತಿ ಹಚ್ಚಿ ಮಲಗುವ ಮಾತೇ ಇಲ್ಲ. ಪ್ರಾರ್ಥನೆಯ ಹೊತ್ತಿಗೆ ಮಾತ್ರ, ಹಿತ್ತಾಳೆ ತಾಟಿನಲ್ಲಿ, ಪರದೆ ಮೇಲೆ ಕಟ್ಟಿದ ಮೇಲೆ. ಆಗಮನ ಕಾಲದ ನಾಲ್ಕು ಬತ್ತಿಗಳೂ, ಮೂರು ನೇರಳೆ ಮತ್ತು ಮೂರನೇ ಭಾನುವಾರದ ಒಂದು ಗುಲಾಬಿ, ಅದೇ ತಾಟಿನಲ್ಲಿ. ಬತ್ತಿಯಿಂದ ಗೋಡೆಗೆ 8 ಇಂಚು ಇದ್ದರೆ ಮಸಿ ಹಿಡಿಯುವುದಿಲ್ಲ, 4 ಇಂಚಿಗೆ ಹಿಡಿಯಿತು.

ರಾತ್ರಿಯ ಬೆಳಕಿಗೆ ಅಂಟಿಸುವ ಎಲ್‌ಇಡಿ ಪಟ್ಟಿ ತಂದಿದ್ದೆ. ಸುಣ್ಣದ ಗೋಡೆಗೆ ಯಾವ ಅಂಟೂ ನಿಲ್ಲುವುದಿಲ್ಲ, ಪದರದ ಸಮೇತ ಬಿತ್ತು, ಅದನ್ನು ಅಡುಗೆಮನೆಗೆ ಹಾಕಿಕೊಂಡೆವು. ಈಗ ಹಲಗೆಯ ಕೆಳಗೆ ಹೋಲ್ಡರ್ ತಿರುಗಿಸಿ 3 ವ್ಯಾಟಿನ ಹಳದಿ ಬಲ್ಬು, ಡಬ್ಬಿಯ ಮೇಲೆ 2700 ಕೆಲ್ವಿನ್ ಅಂತ ಬರೆದಿದ್ದು. ವೈರು ಸ್ವಿಚ್ಚು ಸೇರಿ 480. ಬಿಳಿ ಬಲ್ಬು ಹಾಕಿದಾಗ ಮಾತೆಯ ಮುಖ ಬಿಳಿಚಿಕೊಂಡ ಹಾಗೆ ಕಾಣುತ್ತಿತ್ತು.

10. ಕೀರ್ತನೆಯ ಸಾಲು

ಬೈಬಲ್ಲಿನ ನಾಲ್ಕನೇ ಕೀರ್ತನೆಯ ಕೊನೆಯ ಸಾಲು, ನೆಮ್ಮದಿಯಿಂದ ಮಲಗಿ ನಿದ್ದೆ ಮಾಡುವೆ, ನನ್ನನ್ನು ಕಾಯುವವರು ನೀವೊಬ್ಬರೇ ಸ್ವಾಮಿ ಅನ್ನುವ ಅರ್ಥದ್ದು. ಮಲಗುವ ಕೋಣೆಗೆ ಇದಕ್ಕಿಂತ ಬೇರೆ ಮಾತು ಬೇಕೇ? ವಿನೈಲ್ ಸ್ಟಿಕರ್ ಮಾಡಿಸಿದೆವು, 550. ಎಲ್‌ಇಡಿ ಪಟ್ಟಿಯ ಕಥೆಯೇ ಇಲ್ಲೂ. ಒತ್ತಕ್ಷರಗಳು ಮೊದಲು ಉದುರಿದವು, ಅವು ಚಿಕ್ಕ ಚೂರು, ಹಿಡಿತ ಕಡಿಮೆ. ಒತ್ತಿಲ್ಲದೆ ದೇವರ ವಾಕ್ಯ ಗೋಡೆಯ ಮೇಲಿರುವುದು ಸರಿಯಲ್ಲ ಅಂತ ಪೂರ್ತಿ ತೆಗೆದೆವು. ಬೋರ್ಡು ಬರೆಯುವ ಪೇಂಟರ್ ಒಬ್ಬರು 24 ಇಂಚಿನ ಹಲಗೆಯ ಮೇಲೆ ಕೈಯಲ್ಲೇ ಬರೆದುಕೊಟ್ಟರು, 900. ಅವರ ಕನ್ನಡ ಅಕ್ಷರದ ದುಂಡು ನೋಡಬೇಕು. ಅದನ್ನು ಲೈಟಿನ ಸ್ವಿಚ್ಚಿನ ಮೇಲೆ ಹಾಕಿದ್ದೇವೆ, ದೀಪ ಆರಿಸುವ ಮುಂಚೆ ಓದಿಯೇ ಕೈ ಹೋಗುತ್ತದೆ.

11. ಮಂಚದ ಪಕ್ಕ

ಇಲ್ಲಿ ಹೆಚ್ಚೇನಿಲ್ಲ. ಜಪಸರಕ್ಕೆ ಎರಡು ಹಿತ್ತಾಳೆ ಕೊಕ್ಕೆ, ನೆಲದಿಂದ 28 ಇಂಚು, ಮಲಗಿದಲ್ಲೇ ಕತ್ತಲಲ್ಲೂ ಕೈಗೆ ಸಿಗುವ ಹಾಗೆ. ಕೊಕ್ಕೆ ಮನೆಯಲ್ಲೇ ಇದ್ದವು. ಪಕ್ಕದ ಸ್ಟೂಲಿನ ಮೇಲೆ ಬೈಬಲ್ಲು ಮತ್ತು ಮಲಗಿರುವ ಸಂತ ಜೋಸೆಫರ (ಮರಿಯಮ್ಮನವರ ಗಂಡ) ಚಿಕ್ಕ ಸ್ವರೂಪ, 700. ಮತ್ತಾಯನ ಸುವಾರ್ತೆಯಲ್ಲಿ ದೇವರು ಜೋಸೆಫರ ಜೊತೆ ಮಾತಾಡಿದ್ದೆಲ್ಲ ನಿದ್ದೆಯಲ್ಲೇ, ಮರಿಯಳನ್ನು ಸೇರಿಸಿಕೋ ಅಂದದ್ದೂ, ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಓಡು ಅಂದದ್ದೂ. ಪೋಪ್ ಫ್ರಾನ್ಸಿಸ್ 2015ರಲ್ಲಿ ಮನಿಲಾದಲ್ಲಿ ಹೇಳಿದ್ದರು, ಏನಾದರೂ ತೊಂದರೆ ಬಂದರೆ ಚೀಟಿ ಬರೆದು ತಮ್ಮ ಮೇಜಿನ ಮೇಲಿನ ಮಲಗಿರುವ ಜೋಸೆಫರ ಕೆಳಗೆ ಇಡುತ್ತೇನೆ ಅಂತ. ನಮ್ಮ ಸ್ಟೂಲಿನ ಮೇಲೂ ಈಗ ಚೀಟಿಗಳಿವೆ.

12. ಲೆಕ್ಕ, ಉಳಿದದ್ದು

ಒಟ್ಟು 10,950 ರೂಪಾಯಿ. ಅದರಲ್ಲಿ 3,850 ಗೋಡೆ ಮತ್ತು ದೋಣಿಗೇ ಹೋಗಿದೆ, ಸ್ಟಿಕರಿನ 550 ಹಾಳಾದದ್ದೂ ಸೇರಿದೆ. ಎಲ್‌ಇಡಿ ಪಟ್ಟಿ, ಸೋತ ಪುಟ್ಟಿ ಮತ್ತು ಪಿಒಪಿ ಮನೆಯ ಬೇರೆ ಖರ್ಚಿಗೆ ಹೋದವು, ಇಲ್ಲಿ ಹಿಡಿದಿಲ್ಲ. ಕಡಿಮೆ ದುಡ್ಡಿನಲ್ಲಿ ಮಾಡಬೇಕು ಅಂದರೆ ಸ್ವರೂಪ, ಪಟ ಹೊಸದು ತರುವುದು ಬಿಡಿ, ಮನೆಯಲ್ಲಿ ಇದ್ದದ್ದನ್ನೇ ರಿಪೇರಿ ಮಾಡಿ, ಆದರೆ ಸೋರುವ ದೋಣಿಗೆ ಮಾತ್ರ ಹಿಂದೆ ಮುಂದೆ ನೋಡಬೇಡಿ.

ಫಾದರ್ ಬಂದು ಖೋಲಿಯನ್ನು ಆಶೀರ್ವದಿಸಿದರು, ನಾಲ್ಕೂ ಗೋಡೆಗೆ ತೀರ್ಥ ಚಿಮುಕಿಸಿದರು. ಬಟ್ಟಲಿಗೂ ಅವರೇ ತುಂಬಿಸಿಕೊಟ್ಟರು. ಪಶ್ಚಿಮ ಗೋಡೆಯ ಸಿಮೆಂಟು ಗಿಲಾವ್ ಇನ್ನೂ ಹಾಗೇ ಇದೆ, ಅಲ್ಲಿ ಏನೂ ನೇತುಹಾಕಿಲ್ಲ. ಹೊಸ ದೋಣಿ ಹಾಕಿದ ಮೇಲೆ ಜೂನಿನ ಮಳೆಗೆ ಅದು ಎಷ್ಟು ಒದ್ದೆ ಆಗುತ್ತದೆ ನೋಡಿ, ಮುಂದಿನ ವರ್ಷ ಅದನ್ನೂ ಕೆತ್ತಿ ಸುಣ್ಣ ಮಾಡಿಸುವುದಿದೆ. ಗೌಂಡಿಗೆ ಈಗಲೇ ಹೇಳಿಟ್ಟಿದ್ದೇನೆ.